ಮೋಡಕ್ಕೆ ಬಾಡಿಗೆ

ಗ್ರಿಮ್ಸ್‌ಬಿಯ ಹಡಗುಕಟ್ಟೆಯ ಹಿಂದೆ
ಉಪ್ಪುಗಾಳಿ ತಿಂದು ಉಳಿಸಿದ ಇಟ್ಟಿಗೆಗಳ ನಮ್ಮ ಹೊಗೆಮನೆ.
ರಾತ್ರಿಯಿಡೀ ಓಕ್ ಮರದ ಹೊಟ್ಟು
ಉರಿಯದೆ, ಆರದೆ, ಒಳಗೊಳಗೇ ಬೇಯುತ್ತದೆ.
ಸಾಲಾಗಿ ತೂಗುವ ಹ್ಯಾಡಕ್ ಮೀನು
ಬಣ್ಣ ಹತ್ತಲೆಂದು ಕಾಯುತ್ತದೆ.

ಮೆಟ್ಟಿಲ ಕೆಳಗಿನ ಗೂಡಿನಲ್ಲಿ ನನ್ನ ಸರ್ವರ್.
ನನ್ನದು ಅಂದದ್ದು ಅಭ್ಯಾಸಬಲ.
ಹದಿನಾಲ್ಕು ವರ್ಷ ಧೂಳು ಒರೆಸಿದವನು ನಾನು,
ಅದು ಕೆಮ್ಮಿದರೆ ನಡುರಾತ್ರಿ ಎದ್ದು ಬಂದವನು,
ಸೂರು ಸೋರಿದ ಒಂದು ಕ್ರಿಸ್‌ಮಸ್ಸಿನ ಹಿಂದಿನ ದಿನ
ಹೆಂಡತಿಯ ಹೇರ್ ಡ್ರೈಯರ್ ಹಿಡಿದು
ಅದರ ಒದ್ದೆ ಹೊಟ್ಟೆಗೆ ಬಿಸಿಗಾಳಿ ಊದಿದವನೂ.

ಲೀಡ್ಸ್‌ನಿಂದ ಫಿಲಿಪಾ ಬಂದಳು,
ಕೋಟಿಗೆ ಹೊಗೆ ಹತ್ತೀತೆಂದು ಕಾರಿನಲ್ಲೇ ಬಿಟ್ಟು.
ಗೋಡೆಯ ಮೇಲೆ ಬೆಳಕು ಚೆಲ್ಲಿ ಬಾಣ ಎಳೆದಳು:
ಮೊದಲು ಈಮೇಲು, ಆಮೇಲೆ ಸಂಬಳದ ಪಟ್ಟಿ,
ಏಪ್ರಿಲ್ ಹೊತ್ತಿಗೆ ಆರ್ಡರು ಪುಸ್ತಕ.
"ಬಳಸಿದಷ್ಟಕ್ಕೆ ಕಾಸು. ಸಾಕಾದರೆ ತಿರುಗಿಸಿಬಿಡಿ,
ನಲ್ಲಿ ಇದ್ದ ಹಾಗೆ."

ಮಾಲೀಕ ಬ್ಲೆಂಕಿನ್ ಮುದುಕ ಕುರ್ಚಿ ಕಿರುಗುಟ್ಟಿಸಿದ:
"ನೂರ ಹತ್ತು ವರ್ಷದಿಂದ ಮೋಡ ಮಾಡಿ
ಚಿಮಣಿಯಿಂದ ಪುಕ್ಕಟೆ ಬಿಟ್ಟವರು ನಾವು.
ಈಗ ಅದಕ್ಕೇ ಬಾಡಿಗೆಯೇ?"
ಎಲ್ಲರೂ ನಕ್ಕೆವು. ಫಿಲಿಪಾ ಕೂಡ, ಗಡಿಯಾರ ನೋಡುತ್ತ.

ನಗದವಳು ಲೆಕ್ಕದ ಮಾರ್ಲೀನ್ ಒಬ್ಬಳೇ.
"ನೂರಕ್ಕೆ ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಅಂದಿರಿ.
ಮಿಕ್ಕದ್ದು ವರ್ಷಕ್ಕೆ ಎಂಟು ಮುಕ್ಕಾಲು ಗಂಟೆ.
ಅದು ಶುಕ್ರವಾರ ನಸುಕಿನಲ್ಲಿ ಬರಕೂಡದು ಅಂತ
ಕರಾರಿನಲ್ಲಿ ಬರೆಯುತ್ತೀರಾ?
ಶುಕ್ರವಾರ ಊರೆಲ್ಲ ಮೀನು ತಿನ್ನುತ್ತದೆ."

ನಾನು ಕೇಳಿದ್ದು ಒಂದೇ: ಮೋಡ ಇರುವುದೆಲ್ಲಿ?
ಡಬ್ಲಿನ್ ಹತ್ತಿರ ಇರಬಹುದು, ಲಂಡನ್ನಿನ ಪಡುವಣಕ್ಕೂ ಇರಬಹುದು,
ನೀವದನ್ನು ತಿಳಿಯಬೇಕಾದ್ದೇ ಇಲ್ಲ, ಅದೇ ಅನುಕೂಲ.
ಆವತ್ತಿನಿಂದ ಕಣ್ಮುಚ್ಚಿದರೆ
ಕಿಟಕಿಯಿಲ್ಲದ ಒಂದು ಗೋದಾಮು,
ಅಲ್ಲೂ ಒಬ್ಬ ರಾತ್ರಿಪಾಳಿಯವ,
ಕೈಯಲ್ಲಿ ಧೂಳಿನ ಬಟ್ಟೆ.
ಅವನಿಗೆ ನಮ್ಮ ಮೀನಿನ ವಾಸನೆ ಗೊತ್ತಿಲ್ಲ.

ಸಾಗಿಸುವ ಶನಿವಾರ.
ಎಲ್ಲವನ್ನೂ ಹೊರಬೇಡಿ, ತೂಕಕ್ಕೆ ತಕ್ಕ ಬಾಡಿಗೆ, ಅಂದಿದ್ದಳು ಫಿಲಿಪಾ.
ಮಾರ್ಲೀನ್ ಪಕ್ಕದಲ್ಲಿ ಕೂತಳು, ಚಹಾ ಆರುತ್ತಿತ್ತು.
ಒಂದೊಂದೇ ಹೆಸರು ಕೆಳಗಿಳಿಸಿದೆವು:
ಮುಚ್ಚಿದ ಅಂಗಡಿ. ಮುಚ್ಚಿದ ಅಂಗಡಿ. ಸತ್ತವರು.
ಕ್ಲೀತೋರ್ಪ್ಸ್‌ನ ಶ್ರೀಮತಿ ಡೌಸನ್,
ಬಾಕಿ ಮೂರು ಪೌಂಡು ನಲವತ್ತು ಪೆನ್ನಿ,
ಹನ್ನೊಂದು ವರ್ಷದಿಂದ.
ಅಳಿಸಲೇ ಅಂದೆ.
"ಅವಳ ಜೊತೆ ಶಾಲೆಗೆ ಹೋದವಳು ನಾನು," ಅಂದಳು ಮಾರ್ಲೀನ್,
"ಇರಲಿ. ಮೂರು ಪೌಂಡು ಭಾರವಲ್ಲ."
ಹಾಗೆ ಮುಗಿಲೇರಿತು ಒಂದು ಸಾಲ.

ಬೆಳಗಿನ ಜಾವ ಗುಂಡಿ ಒತ್ತಿದೆ.
ಫ್ಯಾನು ನಿಧಾನಿಸಿ, ನಿಧಾನಿಸಿ
ನಿಂತಿತು.
ಇಷ್ಟು ವರ್ಷ ಆ ಸದ್ದು ಇತ್ತೆಂದು
ನಿಂತಾಗಲೇ ಕಿವಿಗೆ ತಿಳಿದದ್ದು.

ಸೋಮವಾರ ಏನೂ ಕೆಡಲಿಲ್ಲ.
ಲಾರಿಗಳು ನಾಲ್ಕಕ್ಕೇ ಹೊರಟವು.
ನಾನು ಕೊಂಚ ಕೆಡಲೆಂದು ಬಯಸಿದ್ದೆನೇ?
ಹೌದು, ಅಷ್ಟು ಸಣ್ಣವ ನಾನು.

ಮೂರನೇ ತಿಂಗಳ ಬಿಲ್ಲು ಬೇರೆ ಕಥೆ:
ಪರೀಕ್ಷೆಗೆಂದು ತೆರೆದು ಮರೆತ ಒಂದು ಯಂತ್ರ
ಯಾರಿಗೂ ಬೇಡದೆ ಓಡುತ್ತಲೇ ಇತ್ತು,
ಬೀಗ ಹಾಕಿದ ಮನೆಯಲ್ಲಿ ದೀಪ ಉರಿದ ಹಾಗೆ.
ತೆತ್ತೆವು. ನಲ್ಲಿ ಕಟ್ಟುವುದನ್ನೂ ಕಲಿಯಬೇಕು.

ಬಾಣಗಳ ಆ ಚಿತ್ರದಲ್ಲಿ ಎಲ್ಲ ಇತ್ತು,
ಡೂಗಿಯ ಕೈಗವಸು ಇರಲಿಲ್ಲ.
ಮೀನು ತೊಳೆದ ಮೇಲೆ ದಿನವೂ ಅವನು
ಸರ್ವರಿನ ಬೆನ್ನಿಗೆ ಅದನ್ನು ಒಣಹಾಕುತ್ತಿದ್ದ;
ನನಗೆ ಗೊತ್ತಿತ್ತು, ಗೊತ್ತಿಲ್ಲದಂತಿದ್ದೆ.
ನಿನ್ನೆ ಬಂದ, ಗೂಡಿನ ಬಾಗಿಲು ತೆಗೆದ,
ಒಳಗೆ ಕೈಯಾಡಿಸಿದ. ತಣ್ಣಗೆ.
"ಎಲ್ಲಿ ಹೋಯ್ತು?"
ನಾನು ಬೆರಳು ಮೇಲಕ್ಕೆ ತೋರಿಸಿದೆ.
ಅವನು ಚಾವಣಿ ನೋಡಿದ, ನೂರ ಹತ್ತು ವರ್ಷದ ಮಸಿ ನೋಡಿದ,
ನನ್ನ ಮುಖ ನೋಡಿದ,
ಒದ್ದೆಯನ್ನೇ ತೊಟ್ಟುಕೊಂಡು
ಮೀನಿನ ಕಡೆ ನಡೆದ.