ಸಂಖ್ಯೆ ಮಾತ್ರ ಬದಲಿಸು

ಅರುವತ್ತೇಳರ ಆಟಿ. ಬಂದರಿನ ಹತ್ತಿರದ ನಮ್ಮ ಪ್ರೆಸ್ಸಿನಲ್ಲಿ
ಕಾಗದ ಹಸಿ ಹಪ್ಪಳದ ಹಾಗೆ ಮೆತ್ತಗಾಗಿ
ಶಾಯಿ ತಾಗಿದಲ್ಲಿ ಹರಡಿಕೊಳ್ಳುತ್ತಿತ್ತು.
ಆ ರಾತ್ರಿ ತಂತಿಯಲ್ಲಿ ಒಂದು ಊರು ಉರಿಯುತ್ತ ಬಂತು.

ಡೆಟ್ರಾಯಿಟ್. ಮೋಟಾರು ಮಾಡುವ ಊರಂತೆ.
ಬರೆಯುವುದು ಹೇಗೆಂದು ಉಪಸಂಪಾದಕ ಬಾಯರಿಯವರಿಗೂ ಖಾತ್ರಿಯಿಲ್ಲ,
ಒಮ್ಮೆ ಯ್ಟ್, ಒಮ್ಮೆ ಯಿಟ್.
ದೊಡ್ಡ ಮೊಳೆಯ ಕೇಸಿನಲ್ಲಿ ‘ಟಾ’ ಇದ್ದದ್ದೇ ಎರಡು,
ಒಂದರ ಕಿವಿ ಮುರಿದಿತ್ತು. ಅದನ್ನೇ ಇಟ್ಟೆ.
ಕರಿಯರ ದಂಗೆ, ಅಂಗಡಿಗಳಿಗೆ ಬೆಂಕಿ, ಬೀದಿಯಲ್ಲಿ ಸೈನ್ಯ.

ಮೊದಲ ದಿನ ಸತ್ತವರು ಏಳು.
ಮರುದಿನ ಇಪ್ಪತ್ತಮೂರು.
“ಗ್ಯಾಲಿ ಬಿಚ್ಚಬೇಡ ಶೇರಿಗಾರಾ, ಹಾಗೇ ನಿಲ್ಲಲಿ,
ಸಂಖ್ಯೆ ಮಾತ್ರ ಬದಲಿಸು.”
ಚಿಮಟದಲ್ಲಿ ೨೩ ಕಿತ್ತು ೩೬ ಊರಿದೆ.
ತಂದಿಟ್ಟ ಚಾ ಆರುವುದರೊಳಗೆ
ಇನ್ನೂ ಹದಿಮೂರು ಜನ ಸತ್ತಿದ್ದರು.

ಅಂಗಾರ ನಮ್ಮಲ್ಲಿ ಮೊಳೆ ತೊಳೆಯುವ ಹುಡುಗ.
ಸಂಸ್ಕೃತದಲ್ಲಿ ಅಂಗಾರ ಅಂದರೆ ಕೆಂಡ ಮಾರಾಯ ಎಂದು
ಬಾಯರಿಯವರು ಅವನಿಗೆ ತಿಳಿಸಿಕೊಟ್ಟಿದ್ದರು.
“ಮಂಗಳವಾರ ಹುಟ್ಟಿದ್ದು, ಅಷ್ಟೇ” ಅಂದಿದ್ದ ಅವನು.
ಶಾಲೆಯ ಜಗಲಿ ಹತ್ತಿದವನಲ್ಲ,
ನನ್ನ ಕೇಸಿನ ಗೂಡುಗಳಲ್ಲಿ ಕೈಹಾಕಿ ಹಾಕಿ ಅಕ್ಷರ ಕಲಿತವನು.
ಸೀಸದಲ್ಲಿ ತಿರುವುಮುರುವಾಗಿ ನಿಂತದ್ದನ್ನು ಸಲೀಸಾಗಿ ಓದುತ್ತಿದ್ದ,
ಅದನ್ನೇ ಕಾಗದದ ಮೇಲೆ ಕೊಟ್ಟರೆ ತಡವರಿಸುತ್ತಿದ್ದ.

ಎಲ್ಲ ಕೆಲಸ ಹೇಳಬಹುದಿತ್ತು ಅವನಿಗೆ,
ಚಾ ತಾ ಎಂದು ಮಾತ್ರ ಹೇಳುವಂತಿರಲಿಲ್ಲ.
ಪಕ್ಕದ ಹೋಟೆಲಿನ ಹಿಂದಿನ ಕಿಟಕಿಗೆ ಒಂದು ಮೊಳೆ,
(ಇದು ಗೋಡೆಯ ಮೊಳೆ, ಅಕ್ಷರದ್ದಲ್ಲ)
ಮೊಳೆಗೆ ಒಂದು ಅಲ್ಯುಮಿನಿಯಂ ಲೋಟ. ಅವನದು.
ಕಾನೂನು ಬಂದು ಹನ್ನೆರಡು ವರ್ಷವಾಗಿತ್ತು.
ಆ ಸುದ್ದಿ ಜೋಡಿಸಿದ್ದೂ ನಾನೇ.

ನಿಂತ ಗ್ಯಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು
ಅವನು ಆ ಊರನ್ನು ಬಲದಿಂದ ಎಡಕ್ಕೆ ಓದಿದ.
ಬೆರಳಿಟ್ಟು, ಒಂದೊಂದು ಸಾಲಾಗಿ, ಕೊನೆಯ ತನಕ.
ಮತ್ತೆ ಕೇಳಿದ: “ಬೆಂಕಿ ಕೊಟ್ಟದ್ದು ಎಂತಕ್ಕೆ ಅಂತ ಇಲ್ಲವಲ್ಲ?”

ಇರಲಿಲ್ಲ. ಕೆಳಗೆ ಕೊಡೆ ಅಂಗಡಿಯ ಜಾಹೀರಾತು ಬಂದಿತ್ತು.
“ಗೊತ್ತಿಲ್ಲ” ಅಂದೆ. “ದೂರದ ಊರು.”

ಮರುದಿನ ಬೆಳಿಗ್ಗೆ ಹೋಟೆಲಿನವರು ಬೊಬ್ಬೆ ಹಾಕುತ್ತ ಬಂದರು,
ಕಿಟಕಿಯಲ್ಲಿ ಲೋಟ ಇಲ್ಲ.
ಸಿಕ್ಕಿದ್ದು ನಮ್ಮ ಹಿತ್ತಲಿನ ಒಲೆಯಲ್ಲಿ,
ಹಳೆಯ ಮೊಳೆ ಕರಗಿಸುವ ಬಾಣಲೆಯೊಳಗೆ.
ಸೀಸ ಕರಗುವ ಕಾವಿಗೆ ಅಲ್ಯುಮಿನಿಯಂ ಕರಗುವುದಿಲ್ಲ,
ಹುಡುಗನಿಗೆ ಯಾರೂ ಹೇಳಿರಲಿಲ್ಲ ಅದನ್ನು.
ಗಟ್ಟಿಯಾದ ಸೀಸದ ಮೇಲೆ ಲೋಟ
ಮಸಿ ಹಿಡಿದು, ಒಂದು ಬದಿಗೆ ವಾಲಿ,
ದಕ್ಕೆಯ ಕೆಸರಲ್ಲಿ ಹೂತ ದೋಣಿಯ ಹಾಗೆ ಇತ್ತು.

ಎಂಟಾಣೆ ಕೊಟ್ಟು ಅವರ ಬಾಯಿ ಮುಚ್ಚಿಸಿದೆ.
ದೊಡ್ಡ ಉಪಕಾರ ಮಾಡಿದ ಹಾಗೆ
ಆ ದಿನ ಹೋಟೆಲಿನ ಒಳಗೆ ಕೂತು ಎರಡು ಚಾ ಕುಡಿದೆ.
ಅಂಗಾರ ಬರಲಿಲ್ಲ. ಸೋಣ ಬಂದರೂ ಬರಲಿಲ್ಲ.
ಬಾಯರಿಯವರು ಬೇರೆ ಹುಡುಗನನ್ನು ನೋಡಿದರು.

ಡೆಟ್ರಾಯಿಟ್ ನಲವತ್ತಮೂರಕ್ಕೆ ನಿಂತಿತು.
ಗ್ಯಾಲಿ ಬಿಚ್ಚಿ, ತೊಳೆದು
ದಂ ದಂ ಗೂಡಿಗೆ, ಗೆ ಗೆ ಗೂಡಿಗೆ ಹಾಕಿದೆ.
ಅದೇ ಗೆ ಮುಂದೆ ಎಷ್ಟೋ ಮದುವೆಗೆ, ಬೊಜ್ಜಕ್ಕೆ ಆಯಿತು.

ಈಗ ಕಣ್ಣು ಮಂಜು. ಪ್ರೆಸ್ಸಿದ್ದಲ್ಲಿ ಬಟ್ಟೆ ಅಂಗಡಿ.
ಒಂದು ಮಾತು ಹೇಳಿರಲಿಲ್ಲ.
ಆ ಸುದ್ದಿಗೆ ಕೊನೆಯಲ್ಲೊಂದು ಪ್ಯಾರಾ ಇತ್ತು, ಹನ್ನೊಂದು ಸಾಲು,
ಯಾವ ಬೀದಿಯಲ್ಲಿ ಅವರಿಗೆ ಮನೆ ಕೊಡುತ್ತಿರಲಿಲ್ಲ,
ಯಾವ ಗೇಟಿನಿಂದ ಎಷ್ಟು ವರ್ಷ ವಾಪಸು ಕಳಿಸಿದರು, ಎಲ್ಲ.
ಕೊಡೆಗೆ ಜಾಗ ಬೇಕಾಗಿ ಕಡಿದದ್ದು ಅದನ್ನೇ.
ಕಡಿಯುವ ಮೊದಲು ಪೂರಾ ಜೋಡಿಸಿದ್ದೆ.
ಅವನು ಕೇಳುವಾಗ
ಆ ಹನ್ನೊಂದು ಸಾಲು ದಾರ ಕಟ್ಟಿ
ನನ್ನ ಮೇಜಿನ ಕೆಳಗೇ ಇತ್ತು.