ಹನ್ನೊಂದು ಲೀಟರ್

ಮಿಷಿನ್ ಹೋಯ್ತು. ಎಣ್ಣಿ ಉಳೀತು.

ಕಪನೂರಿನ ದಾಲ್ ಮಿಲ್ಲಿನ್ಯಾಗ ಸ್ಟೋರ್ ಬರಿಯಾಂವ ನಾ.
ರಜಿಸ್ಟರಿನ್ಯಾಗ ಬರದೀನಿ:
‘ಕಂಪ್ರೆಸರ್ ಎಣ್ಣಿ, ಪರದೇಶದ್ದು, ಇಪ್ಪತ್ತರ ಡಬ್ಬಿ,
ಸೀಲ್ ಒಡದದ್ದು, ಉಳಿದದ್ದು ಹನ್ನೊಂದು.’
ಮುಂದಿನ ಖಾನಿ ‘ಉಪಯೋಗ’. ಅದು ಖಾಲಿ.

ಬಣ್ಣ ನೋಡಿ ಬ್ಯಾಳಿ ಆರಸೋ ಮಿಷಿನ್ ಅದು.
ಕಪ್ಪು ಕಾಳು ಕಂಡ್ರ ಫುಸ್ ಅಂತ ಒಂದು ಉಸುರು,
ಕಾಳು ಆ ಕಡಿ, ಬ್ಯಾಳಿ ಈ ಕಡಿ.
ಆರು ವರ್ಷ ಹಂಗೇ ಉಸುರಾಡ್ತು.
ಒಂದಿನ ಸಿಡಿಲಿಗಿ ಬೋರ್ಡ್ ಸುಟ್ಟು ಕಣ್ಣು ಹೋಯ್ತು;
ಹೈದರಾಬಾದಿನ ಗುಜರಿಯವರು ಬಂದು
ಕಿಲೋ ಲೆಕ್ಕದಾಗ ತೂಗಿ ಒಯ್ದ್ರು.
ಎಣ್ಣಿ ಬ್ಯಾಡಂದ್ರು.

ನೀರಿನಂಗ ತಿಳಿ. ವಾಸನಿ ಇಲ್ಲ.
ಅಂಗಿಗಿ ಸಿಡದ್ರ ಡಾಗ ಬೀಳಂಗಿಲ್ಲ.
ಇಷ್ಟು ಸಾಧು ಎಣ್ಣಿ ನಾ ನೋಡಿದ್ದೇ ಇಲ್ಲ,
ಇಷ್ಟು ಬೇಕಾರ್ ಎಣ್ಣೀನೂ.

ಫಿಟ್ಟರ್ ಲಾಡ್ಲೇಸಾಬ ಎಲಿವೇಟರಿನ ಚೈನಿಗಿ ಹಚ್ಚಿ ನೋಡ್ದ.
ನಿಲ್ಲಲಿಲ್ಲ. ಸಂಜೀತನಾ ಸೋರಿ ನೆಲ ಕುಡೀತು.
‘ದಪ್ಪ ಕೆಲಸದ್ದಲ್ರಿ ಇದು, ಸಣ್ಣ ಕೀಲಿಂದು,’ ಅಂದ.
ವಾಚ್‌ಮನ್ ಅಂಬಾರಾಯ ದೀಪಕ್ಕ ಹಾಕ್ದ;
ಬತ್ತಿ ಒಂದೀಟು ಯೋಚನಿ ಮಾಡಿ
ಗೋಡಿಗಿ ಮಸಿ ಬಳದು ಆರ್ತು.
ಲಾಡ್ಲೇಸಾಬನ ಮೈದುನ ಬೀದರದಾಗ ಬಿದ್ರಿ ಮಾಡಾಂವ,
ಬೆರಳಿಗಿ ಹಚ್ಚಿ, ಮೂಸಿ, ತಲಿ ಅಲ್ಲಾಡ್ಸಿದ:
‘ನಮ್ಮ ಕಪ್ಪಿಗಿ ಕೊಬ್ರಿ ಎಣ್ಣೀನೇ ಬೇಕು.
ಇದು ಹೊಳೀತದ, ಒಳಗಿಳಿಯಂಗಿಲ್ಲ.’

ಮಾಲಕರು ಒಂದಿನ ಡಬ್ಬಿ ಮುಂದ ನಿಂತ್ರು.
‘ತಿನ್ನೋ ಮಾಲಿನ ಮಿಷಿನಿಂದೇ ಅಲ್ಲೇನೋ?
ಬ್ಯಾಳಿಗೇ ಸವರ್ರಿ. ಪಾಲಿಶ್ ಬರ್ತದ,
ಕ್ವಿಂಟಲ್ಲಿಗಿ ನೂರು ಹೆಚ್ಚು ಹತ್ತತದ.’
ಯಾರೂ ಮಾತಾಡ್ಲಿಲ್ಲ.
ಲಾಡ್ಲೇಸಾಬ ಪಾನಾ ಒರಸ್ಕೋತ:
‘ಡಬ್ಬಿ ಮ್ಯಾಲ ಹೊಟ್ಟಿ ಚಿತ್ರ ಅದರಿ ಮಾಲಕ್ರೆ,
ಅದರ ಮ್ಯಾಲ ಕೆಂಪು ಗೀಟು.’
ಚಿತ್ರ ಇದ್ದದ್ದು ಕೈಯಿಂದು. ಹೊಟ್ಟಿದಲ್ಲ.
ನಾ ಸುಮ್ಮಿದ್ದೆ.

ಆ ಮಿಷಿನ್ ಬಂದಾಗ ಹದಿನಾಲ್ಕು ಮಂದಿ ಹೆಂಗಸರು
ಮೊರ ಬಗಲಾಗ ಇಟ್ಕೊಂಡು ಮನಿಗಿ ಹೋಗಿದ್ರು.
ಈಗ ತಿರುಗಿ ಕರಸೀವಿ. ಒಂಬತ್ತು ಮಂದಿ ಬಂದಾರ.
ಒಬ್ಬಾಕಿ ಇಲ್ಲ. ಒಬ್ಬಾಕಿಗಿ ಕಣ್ಣು ಮಂಜು.
ಮೂವರು ‘ಹೊಲಿಗಿ ಬಿಟ್ಟು ಬರಂಗಿಲ್ಲ’ ಅಂದ್ರು.

ಜಗದೇವಿ ಡಬ್ಬಿ ನೋಡಿ ಕೇಳಿದ್ಳು,
‘ಇದು ಅದ್ರದ್ದೇ ಏನ್ರಿ?’
‘ಅದ್ರದ್ದೇ.’
‘ನಮ್ಮ ಪಗಾರ ತಿಂದು, ಮ್ಯಾಲ ಇದನ್ನ ಕುಡೀತಿತ್ತೇನು!’
ಮುಚ್ಚಳ ತಗದು ಇಣುಕಿದ್ಳು.
ಒಳಗ ಆಕಿ ಮುಖ, ಜರಾ ನಡುಗ್ಲತ್ತಿತ್ತು.

ಮರುದಿನ ಕೆಮ್ಮಿನ ಔಷಧದ ಖಾಲಿ ಬಾಟ್ಲಿ ತಂದ್ಳು.
ಕೆಲಸ ಇಲ್ಲದ ವರ್ಷದಾಗ ಸಂಘದ ಸಾಲಕ್ಕ ತೊಗೊಂಡ
ಹೊಲಿಗಿ ಮಿಷಿನ್ ಮನ್ಯಾಗ ಅದ:
‘ಕರ್ ಕರ್ ಅಂತದ್ರಿ, ರಾತ್ರಿ ಕೂಸು ಏಳ್ತದ.’
ತುಂಬಿಸಿ ಕೊಟ್ಟೆ.
ಎರಡು ದಿನ ಬಿಟ್ಟು ಬಂದು,
‘ಎಂಥಾ ಎಣ್ಣಿರಿ ಇದು?
ಸೂಜಿ ಇಳದದ್ದೇ ಗೊತ್ತಾಗಲ್ದು,’ ಅಂದ್ಳು.

ಆ ವಾರ ನನ್ನ ಟೇಬಲ್ ಮ್ಯಾಲ ಬಾಟ್ಲಿ ಸಾಲು.
ಗುಲಾಬಜಲದ್ದು, ಅತ್ತರದ್ದು, ಕಣ್ಣಿಗಿ ಬಿಡೋ ಹನೀದು,
ಯಾವನೋ ಕುಡದು ಒಗದ ಕ್ವಾರ್ಟರ್ ಒಂದು.
ಬರಲ್ದ ಆ ಮೂವರೂ ಕೂಸಿನ ಕೈಯಾಗ ಕಳಿಸಿದ್ರು.

‘ಉಪಯೋಗ’ ಖಾನ್ಯಾಗ ‘ಮರಮ್ಮತ್’ ಅಂತ ಬರದೀನಿ.
ಯಾವುದರ ಮರಮ್ಮತ್ ಅಂತ ಆಡಿಟಿನವರು ಕೇಳಿದ್ರ
ಏನ್ ಹೇಳಬೇಕೋ ನನಗೂ ತಿಳೀವಲ್ದು.

ಇನ್ನೂ ಒಂದೂವರೆ ಲೀಟರ್ ತಳದಾಗ ಅದ.
ಮಧ್ಯಾಹ್ನ ಬಿಸಿಲಿಗಿ ಡಬ್ಬಿ ಟಣ್ ಅಂತದ.
ಬ್ಯಾಳಿ ಆರಸೋ ಹದಿನೆಂಟು ಕೈ
ಒಂದು ಗಳಿಗಿ ನಿಲ್ತಾವ,
ಮತ್ತ ನಡೀತಾವ.