ಹುಸೇನಪ್ಪನ ಸಾಲು

ಮಾರ್ಚಿನ ಬಳ್ಳಾರಿ. ಲ್ಯಾಬಿನ ಫ್ಯಾನು ಸುತ್ತುತ್ತಿದೆ,
ಬೀಸುತ್ತಿರುವುದು ಬಿಸಿಲನ್ನೇ.
ಗಾದಿಲಿಂಗ ಸರ್ ಬೋರ್ಡಿನ ಮೇಲೆ
ಅಡ್ಡ ಮೂರು, ಉದ್ದ ನಾಲ್ಕು ಗೆರೆ ಎಳೆದು
'ಇದು ಟೇಬಲ್, ಇದರ ಮೇಲೆ ಬುತ್ತಿ ಇಡಬೇಡಿ' ಅಂದರು.
ವರ್ಷಾ ವರ್ಷಾ ಇದೇ ಜೋಕಂತೆ.
ಆದರೂ ನಕ್ಕೆವು, ಇಂಟರ್ನಲ್ ಮಾರ್ಕ್ಸು ಅವರ ಕೈಯಲ್ಲಿತ್ತು.

ಆಮೇಲೆ ಅಸೈನ್‌ಮೆಂಟು:
'ಬ್ಯಾಂಕು, ಲೈಬ್ರರಿ, ರೈಲು ಬೇಡ,
ಅವೆಲ್ಲ ಟೆಕ್ಸ್ಟ್‌ಬುಕ್ಕಿನಲ್ಲೇ ಇವೆ.
ಯಾರೋ ದಿನಾ ಕೈಯಾರೆ ಬರೆಯುವ
ಒಂದು ಲೆಕ್ಕದ ಪುಸ್ತಕ ತನ್ನಿ.'

ನಾನು ಒಯ್ದದ್ದು ಚಿಕ್ಕಮ್ಮನ ಕೆಂಪು ಖಾತೆ.
ಕೌಲ್ ಬಜಾರಿನ ಸಂದಿ, ಹನ್ನೊಂದು ಮಿಷಿನ್ನು,
ಜೀನ್ಸು ಹೊಲಿಯುವ ಹದಿನಾಲ್ಕು ಜನ,
ಹಾಳೆ ತಿರುವಿದರೆ ಬೆರಳಿಗೆ ನೀಲಿ.

ಹುಸೇನಪ್ಪ, ಝಿಪ್ಪು, ನಲವತ್ತು ಪೀಸು.
ಉಸೇನಪ್ಪ, ಝಿಪ್, ಅರವತ್ತು.
ಮಿಲ್ಲರಪೇಟೆ ಹುಸೇನಿ, ಮೂವತ್ತೈದು, ಎರಡು ವಾಪಸ್.
ಝಿಪ್ಪಿನವ, ಮುಂಗಡ ಎಂಟುನೂರು.

'ಇಷ್ಟು ಜನಾನಾ ಚಿಕ್ಕಮ್ಮಾ?'
'ಎಲ್ಲಿ ಜನ? ಅವ ಒಬ್ಬನೇ.'
'ಮತ್ತೆ ಹೆಂಗ ಗೊತ್ತಾಗ್ತೈತಿ?'
'ನನಗ ಗೊತ್ತಾಗ್ತೈತಿ.'

ಹನ್ನೆರಡು ವರ್ಷ ಆ ಖಾತೆಯ ಪ್ರೈಮರಿ ಕೀ
ಚಿಕ್ಕಮ್ಮನ ತಲೆಯಲ್ಲಿತ್ತು.
ನಾನು ಅವನಿಗೆ ಏಳು ಅಂತ ನಂಬರು ಕೊಟ್ಟೆ.
ಹೇಳಿದಾಗ ಬಾಯಲ್ಲಿದ್ದ ದಾರ ತೆಗೆದು ನಕ್ಕ:
'ನಂಬರು ಕೊಡೋದು ಅಲ್ಲೀಪುರದ ಜೈಲಿನಾಗವ್ವಾ.'

ನಾರ್ಮಲ್ ಫಾರ್ಮು ಕ್ಲಾಸಿನಲ್ಲಿ ತಲೆಗೆ ಹತ್ತಲಿಲ್ಲ.
ಹತ್ತಿದ್ದು ಕಟಿಂಗ್ ಮಾಸ್ತರ ಮಸ್ತಾನವಲಿಯ ಮೇಜಿನ ಮುಂದೆ.
ಮುಂಭಾಗ ಬೇರೆ, ಹಿಂಭಾಗ ಬೇರೆ, ಕಿಸೆ, ಪಟ್ಟಿ,
ಒಂದೊಂದರ ಅಂಚಿಗೂ ಕತ್ತರಿಯ ತುದಿಯಿಂದ
ಸಣ್ಣದೊಂದು ಕಚ್ಚು.
'ಕಚ್ಚಿಗೆ ಕಚ್ಚು ಕೂಡಿಸಿದರ
ಯಾರು ಹೊಲದರೂ ಅದೇ ಪ್ಯಾಂಟು.'
ಫಾರಿನ್ ಕೀ ಅಂದರೆ ಅಷ್ಟೇ.
ಅಲ್ಲೇ ಕುಂತು ಖಾತೆಯನ್ನು ಕತ್ತರಿಸಿದೆ:
ಆಳುಗಳದೊಂದು, ಕೆಲಸದ್ದೊಂದು, ಮುಂಗಡದ್ದೊಂದು.
ಯಾವ ಕಾಲಮ್ಮಿಗೂ ಕೂಡದ ಒಂದು ಫೋನ್ ನಂಬರು
ಹಾಳೆಯ ಮೂಲೆಯಲ್ಲಿ ಓರೆಯಾಗಿ ಬಿದ್ದಿತ್ತು.
ಕಂಡೂ ಬಿಟ್ಟೆ.

ಯುಗಾದಿಗೆ ಚಿಕ್ಕಮ್ಮ ಹಳೇ ಲೆಕ್ಕ ಹರಿದಳು,
ಹಾಳೆಗಳು ಮಿರ್ಚಿ ಬಂಡಿಗೆ ಹೋದವು.
ಹಬ್ಬ ಮುಗಿಸಿ ಎಲ್ಲರೂ ಬಂದರು,
ಏಳು ಬರಲಿಲ್ಲ.
ವಾರ ಆಯಿತು. ಝಿಪ್ಪಿಲ್ಲದ ಪ್ಯಾಂಟು
ಗೋಡೆ ಪಕ್ಕ ಸೊಂಟದೆತ್ತರ.
'ಫೋನ್ ಮಾಡು' ಅಂದಳು, ಆಮೇಲೆ ಸುಮ್ಮನಾದಳು.
ಮಿಲ್ಲರಪೇಟೆ ಅಂದರೆ ಮಿಲ್ಲರಪೇಟೆಯ ಎಲ್ಲಿ?

ಜೂನಿನ ಪರೀಕ್ಷೆ: ಡಿಲೀಷನ್ ಅನಾಮಲಿ ಎಂದರೇನು?
ಉದಾಹರಣೆಯೊಂದಿಗೆ ವಿವರಿಸಿ. ಐದು ಅಂಕ.
ಕೆಲಸದ ಲೆಕ್ಕ ಅಳಿಸಿದರೆ
ಕೆಲಸ ಮಾಡಿದವನೂ ಅಳಿಸಿಹೋಗುವುದು, ಅಂತ ಬರೆದೆ.
ಇನ್ನೂ ಬರೆಯುವುದಿತ್ತು, ಬೆಲ್ಲು ಹೊಡೆಯಿತು.
ಮೂರೂವರೆ ಬಂತು.

ಈಗ ಲೆಕ್ಕವೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ.
ಬರೀ ಜಾಯಿನ್ ಕೊಟ್ಟರೆ ಏಳು ಕಾಣುವುದಿಲ್ಲ,
ಹೊಲಿದವರಷ್ಟೇ ಬರುತ್ತಾರೆ.
ಲೆಫ್ಟ್ ಜಾಯಿನ್ ಕೊಟ್ಟೆ. ಬಂದ.
ಪೀಸು: ನಲ್. ಫೋನು: ನಲ್.

'ನಲ್ ಅಂದ್ರ ಸೊನ್ನೆ ಏನು?'
'ಸೊನ್ನೆ ಅಲ್ಲ. ಗೊತ್ತಿಲ್ಲ ಅಂತ.'
'ಹಂಗಾರ ಇರಲಿ' ಅಂದು ಚಿಕ್ಕಮ್ಮ
ಕನ್ನಡಕ ಏರಿಸಿ ಪರದೆಗೆ ಬಾಗಿದಳು.
ನೀಲಿ ಬೆರಳು ಹೆಸರಿನ ಮೇಲೆ:
'ಇದು ತಪ್ಪೈತಿ ನೋಡು.
ಅವ ತನ್ನನ್ನ ಉಸೇನಪ್ಪ ಅಂತಿದ್ದ.'

ತಿದ್ದಿದೆ.
ಒಂದೇ ಕಡೆ ತಿದ್ದಿದರೆ ಸಾಕಿತ್ತು.